ಅಜಲು ಯಾರದು?

ಮಂಗಳೂರಿನ ಬಂದರಿನಲ್ಲಿ ಇಬ್ಬರು ಟೆಂಪೋದವರಿಗೆ ಬಾಡಿಗೆಯ ಜಗಳ. ‘ಈ ಓಣಿ ನಮ್ಮ ಅಜಲು ಮಾರಾಯ, ನೀನು ಧಕ್ಕೆ ಕಡೆ ಹೋಗು’ ಎಂದ ಒಬ್ಬ. ಮೆಣಸಿನ ಮೂಟೆ ಇಳಿಸುತ್ತಿದ್ದವರೂ ನಕ್ಕರು.

ಬಳಕೆಯೇನೋ ಸರಿಯೇ. ಭೂತ ಕಟ್ಟುವ ನಲಿಕೆಯವರಿಗೆ, ಪಂಬದರಿಗೆ ಇಂತಿಂಥ ಊರು ಎಂದು ತುಳುನಾಡು ಗೊತ್ತುಮಾಡಿದ ಗಡಿಯೇ ಅಜಲು. ಅಲ್ಲಿ ಅದು ಹಕ್ಕು. ಕರಾವಳಿಯ ಬುಡಕಟ್ಟಿನವರಾದ ಕೊರಗರ ಕೇರಿಗೆ ಬಂದಾಗ ಮಾತ್ರ ಹೊರೆ. ಮೂಲ ಹುಡುಕುವವರು ಧಾತುಗಳನ್ನು ಜಾಲಾಡಲಿ. ಈ ಅಂಕಣದ ಪ್ರಕಾರ ಪದ ಹುಟ್ಟಿದ್ದು ಸುಗ್ಗಿಯ ಅಂಗಳದಲ್ಲಿ, ಯಾರಿಗೆಷ್ಟು ಭತ್ತ ಎಂದು ಅಳೆಯುವಾಗ. ಕೊರಗರ ಪಾಲಿಗೆ ಬಂದದ್ದು ಎಂಜಲು. ಪ್ರಮಾಣ ಕೇಳಬೇಡಿ.

ಕಂಬಳದ ಹಿಂದಿನ ರಾತ್ರಿಯದು ಪನಿಕುಲ್ಲುನಿ, ಅಂದರೆ ಇಬ್ಬನಿಯಲ್ಲಿ ಕೂರುವುದು. ಎಂಥ ಚೆಂದದ ಹೆಸರು! ಚಳಿಯಲ್ಲಿ ಗದ್ದೆಯಂಚಿಗೆ ಕೂತು, ಡೋಲು ಬಡಿದು, ಹಾಡಿ ಬೆಳಗು ಮಾಡಬೇಕಾಗಿದ್ದವರು ಕೊರಗರು. ಕೋಣಗಳು ಇಳಿಯುವ ಮೊದಲು ಅವರನ್ನೇ ಕೋಣಗಳಂತೆ ಓಡಿಸುತ್ತಿದ್ದರು. ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನ ಉಣ್ಣಿಸುವುದೂ ಇತ್ತು. ಅಜ್ಜಿಕತೆಯಲ್ಲ, ಅಜಲು ಪದ್ಧತಿಯನ್ನು ನಿಷೇಧಿಸಿದ 2000ದ ಕರ್ನಾಟಕ ಕಾಯ್ದೆಯೇ ಇವನ್ನು ಹೆಸರಿಸುತ್ತದೆ. ತುಳು ಪದವೊಂದಕ್ಕೆ ವಿಧಾನಮಂಡಲ ಅರ್ಥ ಬರೆದ ಪ್ರಸಂಗ ಬೇರೊಂದಿದ್ದರೆ ಓದುಗರು ತಿಳಿಸಲಿ.

ಕಾಯ್ದೆ ಸುಮ್ಮನೆ ಬರಲಿಲ್ಲ. ಕೊರಗರು ಊರೂರಲ್ಲಿ ಸಂಘ ಕಟ್ಟಿದರು, ಸಂಘಗಳು ಸೇರಿ ಒಕ್ಕೂಟವಾಯಿತು. 1993ರ ಆಗಸ್ಟ್ 18ರಂದು ಮಂಗಳೂರಿನ ಬೀದಿಗಿಳಿದು ಭೂಮಿ ಕೇಳಿದರು. ಆ ದಿನವೇ ಈಗ ಅವರ ಭೂಮಿ ಹಬ್ಬ. ಕುಟುಂಬಕ್ಕೆ 2.5 ಎಕರೆ ಕೊಡಿ ಎಂದಿತು ಕೊರಗರ ಸ್ಥಿತಿಗತಿ ಕುರಿತ ಡಾ. ಮಹಮ್ಮದ್ ಪೀರ್ ವರದಿ. ಅಮೆರಿಕದಲ್ಲೂ ಹೀಗೆ ನೆಲದ ಮಾತು ಬಂದಿತ್ತು: ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಕುಟುಂಬಗಳಿಗೆ 1865ರ ಜನವರಿಯಲ್ಲಿ ಜನರಲ್ ಶರ್ಮನ್ 40 ಎಕರೆಯವರೆಗೆ ಗೊತ್ತುಮಾಡಿದ್ದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಜಮೀನನ್ನು ಹಳೆಯ ಒಡೆಯರಿಗೇ ಮರಳಿಸಿದ. ಅಲ್ಲೂ ಇಲ್ಲೂ ಜನ ಕೇಳಿದ್ದು ನೆಲವನ್ನೇ, ಅನುಕಂಪವನ್ನಲ್ಲ.

ಭೂಮಿ ಹಬ್ಬದಲ್ಲೂ ಡೋಲು ಉಂಟು, ಕೊಳಲು ಉಂಟು. ಅಲ್ಲಿ ಬಾರಿಸುವವರೂ ಕುಣಿಯುವವರೂ ಕೊರಗರೇ.

ಈಗಿನವರು ಅಜಲು ಎನ್ನಲು ಹಿಂಜರಿಯುತ್ತಾರೆ, ಒಳ್ಳೆಯದೇ. ಆದರೆ ಉತ್ಸವದ ಕರೆಯೋಲೆಗಳಲ್ಲಿ ‘ಸಂಪ್ರದಾಯ’, ‘ಜಾನಪದ ಸೊಗಡು’ ಎಂಬ ಮಾತುಗಳು ದಂಡಿಯಾಗಿವೆ. ರಾತ್ರಿಯಿಡೀ ಡೋಲು ಬಡಿದವನಿಗೆ ಕೂಲಿಯೆಷ್ಟು ಎಂದು ಕೇಳಿದರೆ ‘ಗೌರವಧನ’ ಎನ್ನುತ್ತಾರೆ. ಮೊತ್ತ ಹೇಳುವುದಿಲ್ಲ.