ತಪ್ಪು ಯಾರದ್ದು, ಹೊಣೆ ಯಾರದ್ದು?

ಪ್ರಾಜೆಕ್ಟ್ ಕುಸಿದಾಗ ನಮ್ಮ ಮೊದಲ ಪ್ರಶ್ನೆ: ತಪ್ಪು ಯಾರದ್ದು? ಕಾನೂನೂ ಬಹುಕಾಲ ಹೀಗೇ ಕೇಳುತ್ತಿತ್ತು.

1860ರ ಡಿಸೆಂಬರ್. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಗಿರಣಿ ಮಾಲೀಕ ಜಾನ್ ರೈಲ್ಯಾಂಡ್ಸ್ ಕಟ್ಟಿಸಿದ ಹೊಸ ಕೆರೆಯ ತಳದಲ್ಲಿ ಪಾಳುಬಿದ್ದ ಗಣಿಬಾವಿಗಳಿದ್ದವು. ನೀರು ಅವುಗಳ ಮೂಲಕ ಥಾಮಸ್ ಫ್ಲೆಚರ್‌ನ ಕಲ್ಲಿದ್ದಲು ಗಣಿಗೆ ನುಗ್ಗಿತು. ಎಡವಿದವರು ಎಂಜಿನಿಯರ್ ಮತ್ತು ಕಂಟ್ರಾಕ್ಟರುಗಳು; ರೈಲ್ಯಾಂಡ್ಸ್ ನಿರ್ಲಕ್ಷ್ಯ ತೋರಿರಲಿಲ್ಲ. ಆದರೂ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನನ್ನೇ ಹೊಣೆ ಮಾಡಿತು. ಅಪಾಯವನ್ನು ತಂದಿಟ್ಟುಕೊಂಡವನೇ ಅದು ಗಡಿ ದಾಟಿದಾಗ ನಷ್ಟ ತುಂಬಬೇಕು. ಇದು 'ಕಟ್ಟುನಿಟ್ಟಿನ ಹೊಣೆ'. ಆದರೆ ದೈವಿಕ ವಿಕೋಪ, ಮೂರನೆಯವರ ಕೃತ್ಯದಂಥ ವಿನಾಯಿತಿಗಳಿದ್ದವು.

1985ರ ಡಿಸೆಂಬರ್ 4. ಭೋಪಾಲ್ ದುರಂತಕ್ಕೆ ಆಗಷ್ಟೇ ವರ್ಷ ತುಂಬಿತ್ತು. ದಿಲ್ಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಎಂ.ಸಿ. ಮೆಹ್ತಾ ಹೂಡಿದ್ದ ಪ್ರಕರಣದಲ್ಲಿ, 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ನೇತೃತ್ವದ ಐವರ ಪೀಠ ಆ ವಿನಾಯಿತಿಗಳನ್ನೂ ತೆಗೆದುಹಾಕಿತು. ಅಪಾಯವನ್ನು ಅರಿತು ತಡೆಯುವ ಶಕ್ತಿ ಇರುವುದು ಉದ್ಯಮಕ್ಕೆ ಮಾತ್ರ. ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಿರಬೇಕು. ಇದು 'ಪೂರ್ಣ ಹೊಣೆ'.

ಭೋಪಾಲಿಗೆ ಮಾತ್ರ ಈ ತತ್ವ ದಕ್ಕಲಿಲ್ಲ. 1989ರಲ್ಲಿ ಪರಿಹಾರದ ದಾವೆ 47 ಕೋಟಿ ಡಾಲರ್‌ಗೆ ರಾಜಿಯಲ್ಲಿ ಮುಗಿಯಿತು. ಹೊಣೆಯ ಪ್ರಶ್ನೆಗೆ ತೀರ್ಪೇ ಬರಲಿಲ್ಲ. 1996ರಲ್ಲಿ, ರಾಜಸ್ಥಾನದ ಬಿಚ್ಛ್ರಿ ಹಳ್ಳಿಯ ಬಾವಿಗಳನ್ನು ಕೆಡಿಸಿದ ರಾಸಾಯನಿಕ ಕಾರ್ಖಾನೆಗಳಿಗೆ ಸುಪ್ರೀಂ ಕೋರ್ಟ್ ಇದನ್ನೇ ಅನ್ವಯಿಸಿತು.

ಭೋಪಾಲಿನ ನೆರಳಲ್ಲಿ ಹುಟ್ಟಿದ ನ್ಯಾಯ ಬೇರೆಯವರ ಪಾಲಿಗೆ ಒದಗಿತು.