ಬಾಗಲಕೋಟೆ ಸೀಮೆಯಲ್ಲಿ ಕ್ರೈಸ್ತ ಸಭಾರಾಧನೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಪ್ರದೇಶದ ಕ್ರೈಸ್ತರು ವಾರಕ್ಕೊಮ್ಮೆ, ಮುಖ್ಯವಾಗಿ ರವಿವಾರದಂದು, ಒಂದೆಡೆ ನೆರೆದು ನಡೆಸುವ ಪ್ರಾರ್ಥನೆ, ಗಾಯನ, ಸತ್ಯವೇದಪಠನ, ಪ್ರಸಂಗ ಹಾಗೂ ಪ್ರಭುಭೋಜನಗಳನ್ನೊಳಗೊಂಡ ಆಚರಣೆ. ಸಂಖ್ಯೆಯಲ್ಲಿ ಅತ್ಯಲ್ಪವಾದ ಈ ಸಮುದಾಯಕ್ಕೆ ಕಳೆದ ಶತಮಾನದ ಪೂರ್ವದಿಂದಲೂ ಇದ್ದ ಆಧಾರಗಳಲ್ಲಿ ಈ ವಾರದ ಕೂಟದಷ್ಟು ದೃಢವಾದುದು ಇನ್ನೊಂದಿಲ್ಲವೆನ್ನಬೇಕು.

ಕ್ರಿಸ್ತನು ಪುನರುತ್ಥಾನ ಹೊಂದಿದ ದಿನವೆಂದು ವಾರದ ಮೊದಲನೆಯ ದಿನದಲ್ಲಿ ಕೂಡಿಬರುವ ಪದ್ಧತಿ ಅತಿಪ್ರಾಚೀನವಾದುದು. ಕೂಡಿಬರುವುದನ್ನು ಕೈಬಿಡಬಾರದೆಂಬ ಎಚ್ಚರಿಕೆ ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿಯೇ ಉಂಟು. ಆಗಲೂ ಬಾರದವರು ಇದ್ದರೆಂಬುದು ಇದರಿಂದ ಸ್ಪಷ್ಟ. ರೋಮಿನ ಅಧಿಕಾರಿ ಪ್ಲಿನಿಯು ಕ್ರಿ.ಶ. 112ರ ಸುಮಾರಿಗೆ, ಕ್ರೈಸ್ತರು ಗೊತ್ತಾದ ದಿನ ಅರುಣೋದಯಕ್ಕೆ ಮುಂಚೆ ಕೂಡುವರೆಂದು ಸಮ್ರಾಟನಿಗೆ ವರದಿಮಾಡಿದನು. 321ರಲ್ಲಿ ರೋಮಿನ ಸಮ್ರಾಟ ಕಾನ್ಸ್ಟಂಟೀನನು ರವಿವಾರವನ್ನು ವಿರಾಮದಿನವೆಂದು ವಿಧಿಸಿದ ಮೇಲೆ ಕೂಟಕ್ಕೆ ರಾಜಾಶ್ರಯ ದೊರೆಯಿತು.

ಇಳಕಲ್ಲಿಗೆ ಸಮೀಪದ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಷ್ಟು ಹಳೆಯದಾದ ಕಥೋಲಿಕ ಸಮುದಾಯವಿದೆಯಾದರೂ, ಈ ಸೀಮೆಯ ಊರುಗಳಲ್ಲಿ ಸಭಾರಾಧನೆ ಬೇರೂರಿದುದು ಬಾಸೆಲ್ ಮಿಶನ್ನಿನ ಮೂಲಕ. 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದು, ಹುಬ್ಬಳ್ಳಿ, ಬೆಟಗೇರಿಗಳನ್ನು ದಾಟಿ, 1851ರಲ್ಲಿ ಬಾದಾಮಿ ಸೀಮೆಯ ನೇಕಾರರ ಪಟ್ಟಣವಾದ ಗುಳೇದಗುಡ್ಡದಲ್ಲಿ ತನ್ನ ಕೇಂದ್ರವನ್ನು ತೆರೆಯಿತು.

ಗುಳೇದಗುಡ್ಡದ ಖಣ, ಇಳಕಲ್ಲ ಸೀರೆಗಳ ನಾಡಿನಲ್ಲಿ ವಾರಕ್ಕೊಂದು ದಿನವನ್ನು ಆರಾಧನೆಗೆಂದು ತೆಗೆದಿಡುವುದು ಸುಲಭವಾಗಿರಲಿಲ್ಲ. ಮಗ್ಗವು ಮನೆಯೊಳಗೇ ಇದ್ದು, ಗಂಡಸು ನೆಯ್ದರೆ ಹೆಂಗಸರೂ ಮಕ್ಕಳೂ ಕಂಡಿಕೆ ಸುತ್ತುವ ಕಸುಬಿನಲ್ಲಿ, ಒಂದು ದಿನ ಮಗ್ಗದ ಕುಣಿಗೆ ಇಳಿಯದಿದ್ದರೆ ಇಡಿಯ ಮನೆಯ ಗಳಿಕೆಯೇ ನಿಲ್ಲುವುದು. ಒಕ್ಕಲಿಗನಿಗಾದರೋ ವಿರಾಮದಿನವು ಮೊದಲೇ ಇದ್ದಿತು. ಬಸವಣ್ಣನ ವಾರವೆಂದು ಸೋಮವಾರ ಎತ್ತುಗಳಿಗೆ ನೊಗವಿಡದ ಸಂಪ್ರದಾಯ ಇಲ್ಲಿ ಚಿರಪರಿಚಿತವಾದುದು. ಊರೆಲ್ಲ ದುಡಿಯುವ ದಿನ ಮಗ್ಗ ನಿಲ್ಲಿಸಿ, ಊರು ವಿಶ್ರಮಿಸುವ ದಿನ ದುಡಿಯುವವನು ಕ್ರೈಸ್ತನೆಂದು ನೆರೆಹೊರೆಗೆಲ್ಲ ತಾನಾಗಿಯೇ ತಿಳಿಯುತ್ತಿದ್ದಿತು. ಬಾಯಿಂದ ಹೇಳುವ ವಿಶ್ವಾಸಪ್ರಮಾಣಕ್ಕಿಂತ ಇದು ಹೆಚ್ಚು ಬಹಿರಂಗವಾದ ಪ್ರಮಾಣವಾಗಿದ್ದಿತೆಂದು ಊಹಿಸಬಹುದು.

ಸತ್ಸಂಗವೆಂಬುದು ಇಲ್ಲಿಯ ಜನಕ್ಕೆ ಹೊಸದೇನೂ ಅಲ್ಲ. ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮವು ಹುನಗುಂದ ಸೀಮೆಯದೇ. ಶರಣರ ಸಂಗದ ಮಹಿಮೆಯನ್ನು ಹನ್ನೆರಡನೆಯ ಶತಮಾನದಿಂದ ಕೇಳಿ ಬಲ್ಲ ನಾಡು ಇದು. ಹೊಸದಾಗಿದ್ದುದೆಂದರೆ ಏಳು ದಿನಕ್ಕೊಮ್ಮೆ ತಪ್ಪದೆ ಬರುವ ನಿಯಮವೂ, ಸಭಿಕರ ಹೆಸರುಗಳ ದಾಖಲೆಯೂ, ಸಭಾಪಾಲಕ ಮತ್ತು ಸಭಾಹಿರಿಯರು ನಡತೆಯನ್ನು ವಿಚಾರಿಸಿ ಪ್ರಭುಭೋಜನಕ್ಕೆ ಸೇರಿಸುವ ಅಥವಾ ಕೆಲಕಾಲ ದೂರವಿಡುವ ಶಿಸ್ತೂ. ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥದವರು ಮನೆಮನೆಗಳಲ್ಲಿ ನಡೆಸುತ್ತಿದ್ದ ಪ್ರಾರ್ಥನಾಕೂಟಗಳ ಸಂಸ್ಕಾರವನ್ನು ಹೊತ್ತು ತಂದ ಮಿಶನರಿಗಳು ಜಾತಿಭೇದವನ್ನು ಸಭೆಯೊಳಗೆ ಕಡುನಿಷ್ಠುರವಾಗಿ ನಿಷೇಧಿಸಿದರು. ಬೇರೆಬೇರೆ ಕುಲಗಳಿಂದ ಬಂದವರು ಒಂದೇ ರೊಟ್ಟಿ, ಒಂದೇ ಪಾತ್ರೆಗಳಲ್ಲಿ ಪಾಲ್ಗೊಳ್ಳಬೇಕಾಗಿದ್ದ ಆ ಭೋಜನವನ್ನು ಸಾಮಾಜಿಕ ದೃಷ್ಟಿಯಿಂದ ನೋಡಿದರೆ, ಅದರ ತೀಕ್ಷ್ಣತೆ ಇಂದಿನವರಿಗೆ ಪೂರ್ಣವಾಗಿ ವೇದ್ಯವಾಗಲಾರದು. ಜಾತಿಯ ಕಟ್ಟನ್ನು ಕಳೆದುಕೊಂಡವನಿಗೆ ಮದುವೆಗೂ ಮಣ್ಣಿಗೂ ಬಂದು ನಿಲ್ಲುವ ಜನವೆಂದರೆ ರವಿವಾರ ತನ್ನ ಪಕ್ಕದಲ್ಲಿ ಕುಳಿತವರೇ. ಆದುದರಿಂದ ಒಬ್ಬನ ಗೈರುಹಾಜರಿ ಎಲ್ಲರ ಕಣ್ಣಿಗೂ ಬೀಳುತ್ತಿದ್ದಿತು.

ಕುಲಕುಲಗಳನ್ನು ಒಂದೇ ಭೋಜನಕ್ಕೆ ಕೂಡಿಸಿದ ಮಿಶನ್ನು ಗಾಯನದ ವಿಷಯದಲ್ಲಿ ಮಾತ್ರ ಅಷ್ಟು ಉದಾರವಾಗಿರಲಿಲ್ಲ. ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಕೀರ್ತನೆಗಳು ಸಭೆಗಳಲ್ಲಿ ಪ್ರಚಾರಕ್ಕೆ ಬಂದುವು. ದೇಶೀಯ ಛಂದಸ್ಸಿನ ಸತ್ತ್ವವನ್ನರಿತ, ಇದೇ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲರು 1862ರಲ್ಲಿ ಕ್ರಿಸ್ತಚರಿತವನ್ನು ‘ಕಥಾಮಾಲೆ’ಯಾಗಿ ರಚಿಸಿ ಬೇರೊಂದು ದಾರಿಯನ್ನು ತೋರಿದರೂ, ಆ ದಾರಿ ಆರಾಧನೆಯ ಹೆದ್ದಾರಿಯಾಗಲಿಲ್ಲ.

1876–78ರ ಮಹಾಕ್ಷಾಮವು ಈ ಸೀಮೆಯನ್ನೊಳಗೊಂಡಿದ್ದ ಆಗಿನ ಕಲಾದಗಿ ಜಿಲ್ಲೆಯನ್ನು ದಾರುಣವಾಗಿ ಬಾಧಿಸಿ, ಸಭೆಗಳನ್ನೂ ಪರೀಕ್ಷೆಗೆ ಒಡ್ಡಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನಶಿಬಿರಗಳಿಗೆ ಒಯ್ಯಲ್ಪಟ್ಟಾಗ ಇನ್ನೊಂದು ಬಗೆಯ ಪರೀಕ್ಷೆ ಒದಗಿತು. ಆಡಳಿತವೂ ಹಣವೂ ಹೊರಗಿನಿಂದ ಬರುತ್ತಿದ್ದ ಸಂಸ್ಥೆಗಳು ತತ್ತರಿಸಿದ ಆ ವರ್ಷಗಳಲ್ಲಿ ದೇಶೀಯ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ ನಡೆಸಬಹುದಾಗಿದ್ದ ಕಾರ್ಯವೆಂದರೆ ಈ ರವಿವಾರದ ಕೂಟವೇ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳ ಐಕ್ಯದಿಂದ ದಕ್ಷಿಣ ಭಾರತ ಸಭೆ ಉದಯಿಸಿತು. ಉತ್ತರ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳೂ ಕ್ರಮೇಣ ಆ ಐಕ್ಯದೊಳಗೆ ಬಂದುವು.

ಕಥೋಲಿಕರ ಬೆಳಗಾವಿ ಧರ್ಮಪ್ರಾಂತ 1953ರಲ್ಲಿ ಸ್ಥಾಪಿತವಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾವಿಧಿಯ ನಿರ್ಣಯದ ತರುವಾಯ ಲ್ಯಾಟಿನ್ನಿನ ಪೂಜೆ ಕನ್ನಡಕ್ಕಿಳಿಯಿತು.

ಸರಕಾರಿ ಕಚೇರಿ, ಶಾಲೆಗಳಿಗೆ ರವಿವಾರ ರಜೆಯಾದುದರಿಂದ ನೌಕರಿಯವರಿಗೆ ಅನುಕೂಲವಾಯಿತೇ ಹೊರತು, ಮಗ್ಗದವನಿಗೂ ಕೂಲಿಯವನಿಗೂ ಹಳೆಯ ತೊಡಕು ತೊಡಕಾಗಿಯೇ ಉಳಿದಿದೆ. ಗೋವೆ, ಮಂಗಳೂರುಗಳಿಗೆ ದುಡಿಯಲು ಹೋಗಿ ಊರ ಸಭೆಯಿಂದ ದೂರವಾಗುವ ಕುಟುಂಬಗಳದು ಮತ್ತೊಂದು ತೊಡಕು. ಕೋವಿಡ್ ಸಾಂಕ್ರಾಮಿಕದಿಂದಾಗಿ 2020ರ ಮಾರ್ಚಿನಿಂದ ದೇಶದ ಪೂಜಾಸ್ಥಾನಗಳೆಲ್ಲ ಮುಚ್ಚಿ ಜೂನ್ 8ರ ನಂತರ ಹಂತಹಂತವಾಗಿ ತೆರೆದುವಷ್ಟೆ. ಆ ಅವಧಿಯಲ್ಲಿ ಆರಾಧನೆಯು ಮತ್ತೆ ಮನೆಯ ಪ್ರಾರ್ಥನೆಗೆ ಹಿಂದಿರುಗಿತು. ಒಬ್ಬ ಸಭಾಪಾಲಕರಿಗೆ ಹಲವು ಊರುಗಳ ಹೊಣೆಯಿರುವಲ್ಲಿ ಹಿರಿಯರೋ ಉಪದೇಶಿಯೋ ಆರಾಧನೆಯನ್ನು ನಡೆಸುತ್ತಾರೆ. ಪ್ರಭುಭೋಜನಕ್ಕೆ ಮಾತ್ರ ದೀಕ್ಷೆ ಪಡೆದ ಸಭಾಪಾಲಕರು ಬರುವ ರವಿವಾರವನ್ನು ಕಾಯಬೇಕು.