ನಾಯಿಯ ಹೃದಯದ ವಿದ್ಯುತ್ ವಾಹಕ ವ್ಯವಸ್ಥೆ: ಸೂಕ್ಷ್ಮ ರಚನೆ

ನಾಯಿಯ ಹೃದಯದಲ್ಲಿ ಮಿಡಿತದ ಸಂಕೇತವನ್ನು ಹುಟ್ಟಿಸಿ ಹರಡುವ ಅಂಗಾಂಶ ಕೆಲಸದಲ್ಲಿ ನರವನ್ನು ಹೋಲುತ್ತದೆ. ರಚನೆಯಲ್ಲಿ ಮಾತ್ರ ಅದು ಮಾರ್ಪಟ್ಟ ಸ್ನಾಯುವೇ. ಹೃತ್ಕುಕ್ಷಿಯ ಒಳಪದರದಡಿಯ ಪುರ್ಕಿಂಜೆ ಕೋಶದಲ್ಲಿ ಅಡ್ಡಗೆರೆಯ ಸ್ನಾಯುತಂತುಗಳು ವಿರಳವಾಗಿಯಾದರೂ ಇವೆ. ಅವು ಅಂಚಿಗೆ ಸರಿದಿದ್ದು, ಗ್ಲೈಕೋಜನ್ ತುಂಬಿದ ನಡುಭಾಗ ಮಾಮೂಲಿ ಬಣ್ಣ ಹಾಕಿದಾಗ ತಿಳಿಯಾಗಿ ಕಾಣುತ್ತದೆ. ಕುರಿ, ದನಗಳಲ್ಲಿ ಈ ಕೋಶಗಳು ಎದ್ದು ಕಾಣುವಷ್ಟು ದೊಡ್ಡವು. ನಾಯಿಯಲ್ಲಿ ವ್ಯತ್ಯಾಸ ಅಷ್ಟು ಢಾಳಾಗಿಲ್ಲ, ಗಾತ್ರವೊಂದನ್ನೇ ನಂಬಿದರೆ ಎಡವಬೇಕಾದೀತು. ಸುನಾವೊ ತವಾರಾ 1906ರಲ್ಲಿ ವಿವರಿಸಿದ ಹೃತ್ಕರ್ಣ-ಹೃತ್ಕುಕ್ಷಿ ಗಂಟಿನ ಕೋಶಗಳಾದರೋ ಕಿರಿದು. ಅವುಗಳ ನಡುವಣ ವಿದ್ಯುತ್ ಸಂಪರ್ಕದ ಸಂಧಿಗಳೂ ಕಡಿಮೆ. ಸಂಕೇತ ಅಲ್ಲಿ ನಿಧಾನಿಸುವುದಕ್ಕೆ ಇದೂ ಒಂದು ಕಾರಣ. ಗಂಟುಗಳ ಸುತ್ತ ನರತಂತುಗಳು ದಟ್ಟವಾಗಿವೆಯಲ್ಲ ಎಂಬ ಆಕ್ಷೇಪವೇನೂ ಪೊಳ್ಳಲ್ಲ. ಆದರೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿದರೂ ಹೃದಯ ಮಿಡಿಯುತ್ತಲೇ ಇರುತ್ತದೆ. ಅವು ಮಿಡಿತದ ವೇಗವನ್ನು ಏರಿಳಿಸುತ್ತವೆಯೇ ಹೊರತು ಮಿಡಿತವನ್ನು ಹುಟ್ಟಿಸುವುದಿಲ್ಲ.